ಹಳೇ ಕಾರ್ಬೊರೇಟರ್: ಉಳಿಸೋದಾ, ಬದಲಿಸೋದಾ?

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಹೊರಬಿದ್ದ ಜಾವಾ, ಯೆಜ್ಡಿ ಬೈಕುಗಳು ಇನ್ನೂ ಓಡುತ್ತಿವೆ; ಓಡದೆ ಶೆಡ್ಡಿನಲ್ಲಿ ನಿಂತವೂ ಬೇಕಾದಷ್ಟಿವೆ. ವರ್ಷಗಟ್ಟಲೆ ನಿಂತ ಗಾಡಿಯನ್ನು ಹೊರಗೆಳೆದಾಗ ಮೊದಲು ತಕರಾರು ತೆಗೆಯುವ ಭಾಗಗಳಲ್ಲಿ ಕಾರ್ಬೊರೇಟರೂ ಒಂದು. ಆಗ ಗ್ಯಾರೇಜಿನಲ್ಲಿ ಎರಡು ಪಕ್ಷಗಳಾಗುತ್ತವೆ. ‘ಇದನ್ನ ಬಿಸಾಕಿ ಸಾರ್, ಹೊಸದು ಹಾಕ್ತೀನಿ, ಸಾಯಂಕಾಲ ಗಾಡಿ ತಗೊಂಡ್ ಹೋಗಿ’ ಎನ್ನುವುದು ಒಂದು. ‘ಒರಿಜಿನಲ್ ಜಿಕೋವ್ ಕಾರ್ಬೊರೇಟರ್, ಏನಾದ್ರೂ ಮಾಡಿ ಇದನ್ನೇ ಉಳಿಸಬೇಕು’ ಎನ್ನುವುದು ಇನ್ನೊಂದು. ಮುಚ್ಚಳ ಬಿಚ್ಚುವ ಮೊದಲೇ ಇಬ್ಬರೂ ತೀರ್ಪು ಕೊಟ್ಟಿರುತ್ತಾರೆ ಎಂಬುದೇ ನನ್ನ ಆಕ್ಷೇಪ.

ಆ ಕಾಲದ ಬಹಳಷ್ಟು ಕಾರ್ಬೊರೇಟರ್‌ಗಳ ಮೈ ಸತುವಿನ ಮಿಶ್ರಲೋಹದ ಎರಕ. ಹಳೇ ಬುಲೆಟ್‌ಗಳಲ್ಲಿದ್ದ ಬ್ರಿಟನ್ನಿನ ಅಮಲ್ ಕೂಡ ಅದೇ ಜಾತಿಯದು. ಜೆಟ್‌ಗಳು ಹಿತ್ತಾಳೆಯವು. ಪೆಟ್ರೋಲಿಗಿಂತ ಭಾರವಾದ ನೀರು ಫ್ಲೋಟ್ ಚೇಂಬರಿನ ತಳ ಸೇರುತ್ತದೆ. ಅಲ್ಲಿ ಸತುವಿನ ಮೇಲೆ ಬಿಳಿ ಪುಡಿ ಏಳುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಈಗಂತೂ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಯುತ್ತಿದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಹಾಗಾಗಿ ಟ್ಯಾಂಕು, ಕಾರ್ಬೊರೇಟರ್ ಖಾಲಿ ಮಾಡದೆ ಗಾಡಿ ನಿಲ್ಲಿಸುವುದು ಹಿಂದಿಗಿಂತ ಈಗ ಹೆಚ್ಚು ದುಬಾರಿ.

ಆದರೆ ನೋಡಲು ಭಯಂಕರವಾಗಿರುವುದೆಲ್ಲ ಕೆಟ್ಟಿರುವುದಿಲ್ಲ. ಫ್ಲೋಟ್ ಚೇಂಬರಿನ ಒಳಗೋಡೆ ಸಿಡುಬಿನ ಮುಖದಂತಾಗಿದ್ದರೂ, ತೂತು ಬಿದ್ದು ಪೆಟ್ರೋಲ್ ಸೋರದಿದ್ದರೆ ಅದರಿಂದ ಇಂಜಿನ್ನಿಗೆ ನಷ್ಟವೇನಿಲ್ಲ. ಜೆಟ್, ನೀಡಲ್, ಫ್ಲೋಟ್, ವಾಷರ್ ಎಲ್ಲವೂ ಸಾಮಾನ್ಯವಾಗಿ ಬಿಚ್ಚಿ ಹೊಸದು ಹಾಕಬಹುದಾದವು. ಬಿಚ್ಚಲಾಗದ್ದು ಮೈ ಮಾತ್ರ. ಉಳಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಆ ಮೈಯ ಮೂರು ಜಾಗಗಳಲ್ಲಿದೆ: ಆಕ್ಸಿಲರೇಟರ್ ತಿರುವಿದಾಗ ಸ್ಲೈಡ್ ಓಡಾಡುವ ಕೊಳವೆ, ಸಿಲಿಂಡರಿಗೆ ಕೂಡುವ ಮುಖ, ಐಡ್ಲಿಂಗಿಗೆ ಪೆಟ್ರೋಲ್ ಒಯ್ಯುವ ಒಳದಾರಿ.

ಕೊಳವೆ ಸವೆದಿದ್ದರೆ ಸ್ಲೈಡ್ ಬೆರಳಿಗೇ ಕಟಕಟ ಅಲುಗಾಡುತ್ತದೆ, ಐಡ್ಲಿಂಗ್ ಒಂದು ಕಡೆ ನಿಲ್ಲುವುದಿಲ್ಲ. ಒಳ್ಳೆಯ ಲೇತ್ ಕೆಲಸದವರು ಕೊಳವೆಯನ್ನು ಬೋರ್ ಮಾಡಿ, ಸ್ಲೈಡಿಗೆ ಸ್ಲೀವ್ ಹಾಕಿ ಇದನ್ನು ಸರಿಪಡಿಸುತ್ತಾರೆ. ಕೂಡುವ ಮುಖ ನಟ್ಟುಗಳನ್ನು ವಿಪರೀತ ಬಿಗಿದು ಬಿಗಿದು ಬಾಗಿರುತ್ತದೆ. ಉಕ್ಕಿನ ಸ್ಕೇಲನ್ನು ಅದರ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ನಡುವೆ ಸಣ್ಣ ಗೆರೆಯಂತೆ ಬೆಳಕು ನುಸುಳುತ್ತದೆ. ಗಾಜಿನ ಹಲಗೆಯ ಮೇಲೆ ಎಮರಿ ಪೇಪರ್ ಹಾಸಿ ನಿಧಾನಕ್ಕೆ ಉಜ್ಜಿದರೆ ಇದೂ ಸರಿಹೋಗುತ್ತದೆ. ಮೂರನೆಯದು ಕಷ್ಟ. ಐಡ್ಲಿಂಗ್ ಹೊಂದಿಸುವ ಪೈಲಟ್ ಸ್ಕ್ರೂ ತೆಗೆದು ಆ ರಂಧ್ರಕ್ಕೆ ಕ್ಲೀನರ್ ಸ್ಪ್ರೇ ಹೊಡೆದಾಗ, ಸ್ಲೈಡಿನ ಅಂಚಿನ ಆಚೆಗಿರುವ ಸೂಜಿಮೊನೆಯಷ್ಟು ತೂತಿನಿಂದ ಅದು ನೇರ ಗೆರೆಯಾಗಿ ಚಿಮ್ಮಬೇಕು. ಜಿನುಗಿದರೆ ದಾರಿ ಅರ್ಧ ಕಟ್ಟಿದೆ. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದ ಮೇಲೂ ಚಿಮ್ಮದಿದ್ದರೆ, ಅಥವಾ ಒಳದಾರಿಯ ಗೋಡೆಯೇ ತಿಂದುಹೋಗಿದ್ದರೆ, ಆ ಮೈಯ ಮೇಲೆ ಇನ್ನು ದುಡ್ಡು ಸುರಿಯುವುದು ದಂಡ.

ಉಳಿಸುವ ಪಕ್ಷದ ದೊಡ್ಡ ದೋಷ ಅದರ ಶುಚಿ ಮಾಡುವ ವಿಧಾನದಲ್ಲಿದೆ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಸರಿ. ಸತುವಿನ ಮೈಯನ್ನು ಹುಳಿಯಲ್ಲೋ ಆ್ಯಸಿಡ್ಡಿನಲ್ಲೋ ನೆನೆಹಾಕಿದರೆ ಕೊಳೆಯ ಜೊತೆ ಲೋಹವೂ ಕರಗುತ್ತದೆ. ಕಾಸ್ಟಿಕ್ ಸೋಡಾದ್ದೂ ಅದೇ ಕತೆ. ಇನ್ನು ಜೆಟ್ಟಿನೊಳಗೆ ಕ್ಲಚ್ ಕೇಬಲ್ಲಿನ ಎಳೆ ತೂರಿಸುವ ಅಭ್ಯಾಸ. ರಂಧ್ರದ ವ್ಯಾಸ ಶೇ. 5ರಷ್ಟು ಹಿಗ್ಗಿದರೆ ವಿಸ್ತೀರ್ಣ ಶೇ. 10ರಷ್ಟು ಹಿಗ್ಗುತ್ತದೆ. ಜೆಟ್ಟಿನ ಮೇಲಿನ ಸಂಖ್ಯೆ ಹಾಗೇ ಇರುತ್ತದೆ, ಅಳತೆ ಮಾತ್ರ ಸುಳ್ಳಾಗಿರುತ್ತದೆ. ಕಿಲುಬಿನಿಂದ ಬದುಕಿ ಬಂದ ಎಷ್ಟೋ ಕಾರ್ಬೊರೇಟರ್‌ಗಳು ಕೆಡುವುದು ಈ ಉಪಚಾರದಿಂದ.

ಬದಲಿಸುವವರ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಜಿಕೋವ್ ಕಿತ್ತು ಮಿಕುನಿ ಮಾದರಿಯದನ್ನು ಕೂರಿಸಿದ ಯೆಜ್ಡಿಗಳು ದಿನನಿತ್ಯ ಓಡಾಡುತ್ತಿವೆ. ಬಿಡಿಭಾಗ ಸುಲಭವಾಗಿ ಸಿಗುತ್ತವೆ, ಟ್ಯೂನಿಂಗ್ ಬಲ್ಲ ಕೈಗಳೂ ಹೆಚ್ಚು. ತೊಂದರೆ ಇರುವುದು ‘ಕೂರಿಸಿದರೆ ಮುಗೀತು’ ಎಂಬ ಅವಸರದಲ್ಲಿ. ಬೇರೆ ಗಾಡಿಗೆಂದು ಜೆಟ್ ಹಾಕಿದ ಕಾರ್ಬೊರೇಟರ್ ಈ ಇಂಜಿನ್ನಿಗೆ ಹಾಗೇ ಒಗ್ಗುವುದಿಲ್ಲ. ಟೂ ಸ್ಟ್ರೋಕ್‌ನಲ್ಲಿ ಇದು ಬರೀ ಮಿಸ್ಸಿಂಗ್, ಮೈಲೇಜ್‌ಗಳ ಮಾತಲ್ಲ. ಈ ಗಾಡಿಗಳಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಶಾಖ ಏರುತ್ತದೆ, ಅದೇ ಹೊತ್ತಿಗೆ ಆಯಿಲೂ ಕಡಿಮೆಯಾಗುತ್ತದೆ. ಲಾಂಗ್ ಡ್ರೈವಿನ ಮಧ್ಯೆ ಪಿಸ್ಟನ್ ಸೀಜ್ ಆಗುತ್ತದೆ. ಹೆಸರು ಮಾತ್ರ ಒರಿಜಿನಲ್ ಇರುವ ಅಗ್ಗದ ಡೂಪ್ಲಿಕೇಟ್‌ಗಳಂತೂ ಎರಡೂ ಕಡೆಯ ಅವಗುಣಗಳನ್ನು ಒಟ್ಟಿಗೆ ಮಾರುತ್ತವೆ.

‘ಒರಿಜಿನಲ್’ ಎಂಬ ಭಕ್ತಿಯನ್ನು ಪರೀಕ್ಷಿಸಲು ಅಮಲ್ ಒಳ್ಳೆಯ ಉದಾಹರಣೆ. 1960ರ ದಶಕದ ಅಮಲ್ ಕಾನ್ಸೆಂಟ್ರಿಕ್‌ನಲ್ಲಿ ಎರಡು ದೂರುಗಳು ಹಳೆಯವು: ಸ್ಲೈಡ್ ಬೇಗ ಸವೆಯುತ್ತಿತ್ತು, ಬಹಳಷ್ಟರಲ್ಲಿ ಐಡ್ಲಿಂಗಿನ ಪೈಲಟ್ ಜೆಟ್ ಮೈಯೊಳಗೇ ಹುದುಗಿದ್ದರಿಂದ ಕಟ್ಟಿಕೊಂಡರೆ ತೆಗೆಯಲಾಗುತ್ತಿರಲಿಲ್ಲ. ಇಂದು ಅಮಲ್ ಹೆಸರಿನಲ್ಲೇ ಬರುವ ‘ಪ್ರೀಮಿಯರ್’ ಮಾದರಿಗೆ ಗಟ್ಟಿ ಲೇಪನದ ಅಲ್ಯೂಮಿನಿಯಂ ಸ್ಲೈಡ್, ಬಿಚ್ಚಬಹುದಾದ ಪೈಲಟ್ ಜೆಟ್ ಕೊಟ್ಟಿದ್ದಾರೆ. ತಯಾರಿಸುವವರೇ ತಿದ್ದಿಕೊಂಡ ತಪ್ಪನ್ನು ನಾವು ಪರಂಪರೆ ಎಂದು ಕಾಪಾಡುವುದರಲ್ಲಿ ಏನರ್ಥ? ಹೀಗೆ ತಿದ್ದಿದ ಹೊಸದು ಸಿಗುವ ಕಡೆ ಬದಲಿಸುವುದೇ ಜಾಣತನ. ಜಿಕೋವ್‌ಗೆ ನಮ್ಮಲ್ಲಿ ಅಂಥ ಅನುಕೂಲವಿಲ್ಲ. ಆದ್ದರಿಂದ ಅದರ ಒಳ್ಳೆಯ ಮೈಗೆ ಬೆಲೆ ಹೆಚ್ಚು.

ಕೊನೆಗೆ ನನ್ನ ಒಲವು ಉಳಿಸುವ ಕಡೆಗೇ, ಆದರೆ ಷರತ್ತಿನ ಮೇಲೆ. ಒಳದಾರಿ ತೆರೆದಿದ್ದರೆ ಮಿಕ್ಕೆರಡಕ್ಕೂ ಲೇತ್ ಮತ್ತು ಎಮರಿ ಪೇಪರ್ ಸಾಕು, ರಿಪೇರಿ ಮಾಡಿಸಿ. ಒಳದಾರಿ ಹೋಗಿದ್ದರೆ ಬದಲಿಸಿ, ಆದರೆ ಇಂಜಿನ್ನಿಗೆ ತಕ್ಕ ಜೆಟ್ ಹಾಕಿಸಿ, ಪ್ಲಗ್ಗಿನ ಬಣ್ಣ ನೋಡಿಸಿಕೊಂಡೇ ಗಾಡಿ ತನ್ನಿ. ಹೊಸದನ್ನು ಕೂರಿಸಲು ಗಾಡಿಯಲ್ಲಿ ಏನನ್ನೂ ಕತ್ತರಿಸಲು ಬಿಡಬೇಡಿ, ಹಳೇ ಮೈಯನ್ನು ಗುಜರಿಗೂ ಹಾಕಬೇಡಿ. ಹಾಗೆ ಮಾಡಿದರೆ ಇಂದಿನ ತೀರ್ಮಾನ ತಪ್ಪೆಂದು ಕಂಡ ದಿನ ಅದನ್ನು ತಿದ್ದಿಕೊಳ್ಳುವ ದಾರಿಯಾದರೂ ಉಳಿದಿರುತ್ತದೆ.