63 ಮಿಲಿಮೀಟರ್ ಜರುಗಿದ ಹಳಿ

ಜಪಾನಿನ ರೈಲು ಎಂದೊಡನೆ ಮಾತು ಶಿಂಕಾನ್‌ಸೆನ್ ಕಡೆಗೇ ಓಡುತ್ತದೆ. 1964ರ ಅಕ್ಟೋಬರ್‌ನಲ್ಲಿ ಟೋಕಿಯೊದಿಂದ ಒಸಾಕಾಗೆ ಹೊರಟ ಆ ವೇಗದ ಗಾಡಿಯ ಮೇಲೆ ನನಗೂ ಅಪಾರ ಗೌರವವಿದೆ. ಆದರೆ ಆ ದೇಶದ ರೈಲು ಜಾಣ್ಮೆಯನ್ನು ನೋಡಬೇಕಿದ್ದರೆ ಇನ್ನೂ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. 1960ರ ಡಿಸೆಂಬರ್‌ನಲ್ಲಿ ಕೇಸೆ ಎಂಬ ಖಾಸಗಿ ಕಂಪನಿಯ ಲೋಕಲ್ ರೈಲು ಒಶಿಯಾಗೆ ನಿಲ್ದಾಣಕ್ಕೆ ಬಂದು, ಪ್ರಯಾಣಿಕರು ಕೂತ ಸೀಟಿನಲ್ಲಿ ಕೂತಿರುವಾಗಲೇ, ಟೋಕಿಯೊ ಆಡಳಿತದ ಹೊಸ ಸುರಂಗದೊಳಗೆ ನುಗ್ಗಿತು. ಅದೇ ಇಂದಿನ ಅಸಾಕುಸಾ ಮಾರ್ಗ.

ಅಲ್ಲಿಯವರೆಗಿನ ಪಾಡು ಹೇಗಿತ್ತೆಂದರೆ, ನಗರದ ನಡುಭಾಗವನ್ನು ಯಾಮಾನೊತೆ ಎಂಬ ವರ್ತುಲ ರೈಲು ಸುತ್ತುವರಿದಿತ್ತು. ಖಾಸಗಿ ಕಂಪನಿಗಳ ಹಳಿಗಳು ಶಿಬುಯಾ, ಶಿಂಜುಕು, ಇಕೆಬುಕುರೊಗಳಲ್ಲಿ, ಅಂದರೆ ವರ್ತುಲದ ಅಂಚಿಗೇ ನಿಂತುಬಿಡುತ್ತಿದ್ದವು. ಯುದ್ಧದ ನಂತರ ಊರು ಬೆಳೆದಂತೆ, ಬೆಳಿಗ್ಗೆ ಅಷ್ಟೂ ಜನ ಅಲ್ಲಿ ಇಳಿದು ಇನ್ನೊಂದು ಗಾಡಿಗೆ ಮುಗಿಬೀಳಬೇಕಿತ್ತು. ಹೊರವಲಯದ ರೈಲುಗಳು ನೇರವಾಗಿ ಒಳಬರುವಂತೆ ಸುರಂಗ ಕಟ್ಟಿ ಎಂದು ಸರ್ಕಾರದ ಸಮಿತಿಯೊಂದು 1956ರಲ್ಲಿ ಸಲಹೆ ಕೊಟ್ಟಿತು.

ಸಲಹೆ ಸುಲಭ, ಹಳಿಯ ಅಗಲ ಕೇಳಬೇಕಲ್ಲ! ಜಪಾನಿನ ಆಗಿನ ಸರ್ಕಾರಿ ರೈಲುಗಳದು 1067 ಮಿಲಿಮೀಟರ್. ಕೇಸೆ ಕಂಪನಿಯದು 1372. ಅದು ಟೋಕಿಯೊದ ಹಳೆಯ ಕುದುರೆ ಟ್ರಾಮಿನಿಂದ ಬಂದ ಅಳತೆ. ಹೊಸ ಸುರಂಗಕ್ಕೆ ಆರಿಸಿದ್ದು 1435. ಕೇಸೆಯವರು ತಮ್ಮ ಸುಮಾರು 80 ಕಿಲೋಮೀಟರ್ ಹಳಿಯನ್ನೂ ಗಾಡಿಗಳ ಗಾಲಿಗಳನ್ನೂ 1959ರ ಕೊನೆಯ ತಿಂಗಳುಗಳಲ್ಲಿ ಹಂತ ಹಂತವಾಗಿ ಬದಲಿಸಿದರು. ಬರೀ 63 ಮಿಲಿಮೀಟರ್ ವ್ಯತ್ಯಾಸ. ಗೇಜ್ ಪರಿವರ್ತನೆ ಎಂದರೆ ವರ್ಷಗಟ್ಟಲೆ ರೈಲು ನಿಂತದ್ದನ್ನು ಕಂಡಿರುವ ನಮ್ಮ ಜಿಲ್ಲೆಗಳ ಹಿರಿಯರಿಗೆ ಇದರ ತೂಕ ಗೊತ್ತು. 1968ರಲ್ಲಿ ಇನ್ನೊಂದು ತುದಿಯಿಂದ ಕೇಕ್ಯು ಕಂಪನಿಯೂ ಬಂದು ಕೂಡಿಕೊಂಡಿತು. ಹಾಗಾಗಿ ಇಂದು ಹನೇದಾ ವಿಮಾನ ನಿಲ್ದಾಣದಲ್ಲಿ ಹತ್ತಿದವರು ಅದೇ ಗಾಡಿಯಲ್ಲಿ, ಊರಿನ ಹೊಟ್ಟೆಯೊಳಗಿಂದ ಹಾದು, ನರಿತಾದಲ್ಲಿ ಇಳಿಯಬಹುದು.

ನನಗೆ ಇನ್ನೂ ಹೆಚ್ಚು ಹಿಡಿಸುವುದು ಕೇಯೊ ಕಂಪನಿಯ ಪ್ರಸಂಗ. ಅದರದೂ 1372. ಬದಲಿಸಿ ಎಂದರೆ ಆಗುವುದಿಲ್ಲ ಎಂದರು; ಅಷ್ಟು ದಟ್ಟಣೆಯ ಮಾರ್ಗದಲ್ಲಿ ಹಳಿಗೆ ಕೈಹಾಕುವಂತಿರಲಿಲ್ಲ. ಆಗ ನಗರಾಡಳಿತವೇ ಬಗ್ಗಿತು. 1978ರಲ್ಲಿ ತೆರೆದ ಶಿಂಜುಕು ಸುರಂಗ ಮಾರ್ಗಕ್ಕೆ ಆ ಕುದುರೆ ಟ್ರಾಮಿನ ಅಳತೆಯನ್ನೇ ಹಾಕಿದರು. ಒಂದೇ ಆಡಳಿತದ ಕೈಯಲ್ಲಿ ಮೂರು ಬಗೆಯ ಗೇಜ್! ಕಡತ ನೋಡುವವರಿಗೆ ಇದು ಅವ್ಯವಸ್ಥೆ. ನಿತ್ಯ ಓಡಾಡುವವನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ.

ಈ ಕೂಡಾಟವನ್ನು ಕಣ್ಣಾರೆ ನೋಡಲು ಯೊಯೊಗಿ-ಉಎಹಾರಾ ನಿಲ್ದಾಣಕ್ಕೆ ಹೋಗಬೇಕು. ಚಿಯೊದಾ ಸುರಂಗ ಮಾರ್ಗ ಮುಗಿದು ಒಡಾಕ್ಯು ಕಂಪನಿಯ ಹಳಿ ಶುರುವಾಗುವ ಗಡಿ ಅದು. ಗಾಡಿ ನಿಲ್ಲುತ್ತಿದ್ದಂತೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಚೀಲ ಹಿಡಿದು ಕಾದಿದ್ದ ಒಡಾಕ್ಯು ಚಾಲಕ, ಇಳಿದವನಿಗೆ ವಂದಿಸಿ ಒಳಹೊಕ್ಕು, ತನ್ನ ಜೇಬುಗಡಿಯಾರವನ್ನು ಎದುರಿನ ಗುಳಿಯಲ್ಲಿ ಕೂರಿಸುತ್ತಾನೆ. ಸಿಗ್ನಲ್‌ನತ್ತ ಬೆರಳು ಚಾಚಿ, ಕಂಡದ್ದನ್ನು ಬಾಯಿಬಿಟ್ಟು ಹೇಳಿ, ಹೊರಡುತ್ತಾನೆ. ಬೋಗಿಯೊಳಗೆ ತೂಕಡಿಸುವವರಿಗೆ ಇದಾವುದೂ ತಿಳಿಯುವುದಿಲ್ಲ.

ಒಬ್ಬರ ಗಾಡಿ ಇನ್ನೊಬ್ಬರ ಹಳಿಯ ಮೇಲೆ ಓಡಿದರೆ ಬಾಡಿಗೆ ಲೆಕ್ಕವಾಗುತ್ತದೆ. ಅದನ್ನು ಆದಷ್ಟೂ ದುಡ್ಡಿನಲ್ಲಿ ತೀರಿಸದೆ, ಅಷ್ಟೇ ದೂರ ತಮ್ಮ ಬೋಗಿಗಳನ್ನು ಅವರ ಕಡೆ ಓಡಿಸಿ ಸರಿತೂಗಿಸುತ್ತಾರೆ. ಅದಕ್ಕೆಂದೇ ವೇಳಾಪಟ್ಟಿ ಹೆಣೆಯುವವರ ಕೆಲಸವನ್ನು ನಾನು ದೊಡ್ಡ ಕಲೆ ಎಂದೇ ಎಣಿಸುತ್ತೇನೆ.

ಕಷ್ಟವೂ ಇದೆ. 2013ರಲ್ಲಿ ಶಿಬುಯಾದ ನೆಲದಡಿ ತೊಯೊಕೊ ಮತ್ತು ಫುಕುತೊಶಿನ್ ಮಾರ್ಗಗಳು ಬೆಸೆದ ಮೇಲೆ, ಸೈತಾಮಾದಲ್ಲಿ ಒಂದು ಗಾಡಿ ತಡವಾದರೆ ಯೊಕೊಹಾಮಾದವರೂ ಕಾಯಬೇಕಾಗುತ್ತದೆ. ಆದರೂ ದಿನವೂ ಇಳಿದು ಹತ್ತುವ ಬವಣೆಗಿಂತ ಆಗೊಮ್ಮೆ ಈಗೊಮ್ಮೆ ಕಾಯುವುದೇ ವಾಸಿ. ಹೀಗೆ ಕೂಡಲಾಗದ ಮಾರ್ಗದ ಪಾಡನ್ನೂ ನೋಡಿ: 1927ರಲ್ಲಿ ಶುರುವಾದ ಜಪಾನಿನ ಮೊದಲ ಸುರಂಗ ರೈಲು, ಗಿಂಜಾ ಮಾರ್ಗ, ಪಕ್ಕದ ಹಳಿಯಿಂದ ವಿದ್ಯುತ್ ಪಡೆಯುತ್ತದೆ, ಬೋಗಿಗಳೂ ಚಿಕ್ಕವು. ಹೀಗಾಗಿ ಅದು ಇಂದಿಗೂ ಹೊರವಲಯದ ಯಾರ ಹಳಿಗೂ ಕೂಡಲಾರದೆ ಒಂಟಿಯಾಗಿ ಓಡುತ್ತಿದೆ.

ಜಪಾನಿನ ಸಾಲವನ್ನೂ ಪಡೆದು ಕಟ್ಟಿದ ನಮ್ಮ ಮೆಟ್ರೊದ್ದೂ ಗಿಂಜಾದ ಜಾತಿಯೇ: 1435ರ ಗೇಜ್, ಪಕ್ಕದ ಹಳಿಯ ವಿದ್ಯುತ್. ವೈಟ್‌ಫೀಲ್ಡ್‌ನಲ್ಲಿ ರೈಲು ನಿಲ್ದಾಣ ಪಕ್ಕದಲ್ಲೇ ಇದ್ದರೂ ಇಳಿದು ಗಾಡಿ ಬದಲಿಸಲೇಬೇಕು. ಆದರೆ ಬೆಂಗಳೂರಿನ ಉಪನಗರ ರೈಲಿಗೆ ಬ್ರಾಡ್ ಗೇಜ್ ಹಾಕುತ್ತಿದ್ದಾರೆ, ಅಂದರೆ ರೈಲ್ವೆಯದೇ 1676. ಮುಂದೊಂದು ದಿನ ತುಮಕೂರು, ಬಂಗಾರಪೇಟೆ ಕಡೆಯ ಗಾಡಿಗಳು ಅದರ ಮೇಲೆ ಹರಿಯುವಂತೆ ಸೇರುವೆ ಹಳಿಗಳಿಗೆ ಈಗಲೇ ಜಾಗ ಬಿಡಬೇಕು. ಕಂಬಗಳು ಎದ್ದ ಮೇಲೆ ಆ ಕೆಲಸಕ್ಕೆ ಹತ್ತು ಪಟ್ಟು ಪಾಡುಪಡಬೇಕಾದೀತು.