ನಿದ್ರಾಭಂಗವೂ ಕಥನರೀತಿಯೂ

ವೈದ್ಯರಾದ ಸ್ಟೀಫನ್ ಬರ್ಗ್‌ಮನ್ನರು ಸ್ಯಾಮ್ಯುಯೆಲ್ ಶೆಮ್ ಎಂಬ ಹೆಸರಿನಿಂದ 1978ರಲ್ಲಿ ಪ್ರಕಟಿಸಿದ ‘ದಿ ಹೌಸ್ ಆಫ್ ಗಾಡ್’ ಕಾದಂಬರಿಯು, ರಾಯ್ ಬಾಷನೆಂಬ ಯುವಕನು ಅಮೆರಿಕದ ಆಸ್ಪತ್ರೆಯೊಂದರಲ್ಲಿ ತರಬೇತಿಯ ವೈದ್ಯನಾಗಿ ಕಳೆದ ಒಂದು ವರ್ಷದ ವೃತ್ತಾಂತವು. ಹಗಲಿನ ದುಡಿಮೆಗೆ ರಾತ್ರಿಯ ಸರದಿ ಕೂಡಿಕೊಳ್ಳುವುದು, ಮರುದಿನವೂ ಬಿಡುವಿಲ್ಲ. ದಣಿದವರಿಗೆ ಹಾಸ್ಯವೇ ಕವಚವೆಂದು ಗ್ರಂಥಕರ್ತರು ತೋರಿಸಿರುವರು. ಜೊತೆಯ ವೈದ್ಯನಾದ ಪಾಟ್ಸನು ಆತ್ಮಹತ್ಯೆ ಮಾಡಿಕೊಂಡಾಗ ಆ ಕವಚವು ಬಿರಿಯುವುದು. ಕೃತಿಯ ನಿಜವಾದ ಬಲವು ಅಲ್ಲಿದೆ.

ಆದರೆ ನಿದ್ರೆಗೆಟ್ಟ ಮನಸ್ಸು ಈ ಗದ್ಯದೊಳಕ್ಕೆ ಇಳಿದಿದೆಯೆ? ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಜಾಗರಣೆಯ ಕೊನೆಯಲ್ಲಿಯೂ ನಿರೂಪಕನ ಮಾತು ಅದೇ ಚುರುಕಿನದು. ತಾನೂ ವೈದ್ಯನಾಗಿದ್ದ ಚೆಕಾಫನು 1888ರಲ್ಲಿ ಬರೆದ ಸಣ್ಣಕತೆಯೊಂದನ್ನು ಇದರೊಡನೆ ಹೋಲಿಸಬಹುದು. ಅಲ್ಲಿರುವವಳು ಕೂಸನ್ನು ತೂಗುವ ಹದಿಮೂರು ವರ್ಷದ ವಾರ್ಕಾ. ದೀಪದ ಹಸುರು ಬೆಳಕೂ ಅಲುಗುವ ನೆರಳುಗಳೂ ಅವಳ ಕಣ್ಣೆದುರು ಸುಳಿಯುತ್ತ, ಕನಸಿಗೂ ಎಚ್ಚರಕ್ಕೂ ನಡುವಣ ಗೆರೆ ಅಳಿಸಿಹೋಗುವುದು. ಕಡೆಗೆ ಅವಳು ಕೂಸನ್ನೇ ಕೊಲ್ಲುವಳು. ನಿದ್ರೆಯಿಲ್ಲದವರಿಂದ ಪರರಿಗೊದಗುವ ಕೇಡನ್ನು ಚೆಕಾಫನು ಕೆಲವೇ ಪುಟಗಳಲ್ಲಿ ಕಂಡನು. ಶೆಮ್ಮರಲ್ಲಿಯೋ ವೃದ್ಧ ರೋಗಿಗಳು ಹೆಚ್ಚಾಗಿ ಪರಿಹಾಸಕ್ಕೇ ವಸ್ತು!

1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಲಿಬಿ ಜಯಾನ್ ಎಂಬ 18 ವರ್ಷದ ತರುಣಿಯು ತೀರಿಕೊಂಡಳು. ಮರಣಕಾರಣವು ವಾದಗ್ರಸ್ತವಾಯಿತು, ಕಿರಿಯ ವೈದ್ಯರ ದೀರ್ಘ ದುಡಿಮೆಯಂತೂ ವಿಚಾರಣೆಗೆ ಬಂದಿತು. 1989ರಲ್ಲಿ ಆ ರಾಜ್ಯವು ಅದನ್ನು ವಾರಕ್ಕೆ 80 ಗಂಟೆಗೂ ಒಂದೇ ಸಮನೆ 24 ಗಂಟೆಗೂ ಮಿತಿಗೊಳಿಸಿತು. ಮಂಚದ ಮೇಲೆ ಮಲಗಿರುವ ಅಂಥವಳ ಕಣ್ಣಿನಿಂದ ಆ ರಾತ್ರಿಗಳನ್ನು ಕಾಣುವ ಒಂದು ಅಧ್ಯಾಯವೂ ಶೆಮ್ಮರ ಕಾದಂಬರಿಯಲ್ಲಿಲ್ಲ.