ನೊಗ, ನೇಗಿಲು ಮತ್ತು ನಮ್ಮ ಪುಸ್ತಕಗಳು

೧೯೭೩ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಊರೆಲ್ಲ ಹೊತ್ತಿಕೊಂಡಿತು. ಓದಲು ಬಂದ ಕೇರಿಯ ಹುಡುಗರಿಗೆ ಏಟು ಬಿತ್ತು. ಅವರ ಮಂತ್ರಿ ಪದವಿಯೂ ಹೋಯಿತು. ಹೋಗದೆ ಉಳಿದದ್ದು ಅವರು ಎತ್ತಿದ ಪ್ರಶ್ನೆ. ಬೂಸಾ ಅಂದ್ರೆ ದನದ ಮೇವು. ದನ ಮೇಯಿಸಿದವರಿಗೆ ಕಾಳು ಯಾವುದು, ಹೊಟ್ಟು ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ನಮ್ಮ ಕೈಗೆ ಬಂದ ಕೆಲವು ಪುಸ್ತಕಗಳನ್ನು, ಒಂದೆರಡು ಸಿನಿಮಾಗಳನ್ನು, ರಂಗದ ಮೇಲೆ ಕಂಡದ್ದನ್ನು ಒಂದೇ ಮೊರಕ್ಕೆ ಹಾಕಿ ಕೇರಿ ನೋಡೋಣ. ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ನೇಗಿಲು ಯಾರ ಕೈಯಲ್ಲಿದೆ, ನೊಗ ಯಾರ ಹೆಗಲ ಮೇಲಿದೆ?

ಮೊದಲು 'ಚೋಮನ ದುಡಿ'. ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು ೧೯೩೩ರಲ್ಲಿ. ಆ ಕಾಲದಲ್ಲಿ ಹೊಲೆಯನ ಬಗ್ಗೆ ಬರೆದವರೆಲ್ಲ ದೇವಸ್ಥಾನದ ಬಾಗಿಲು ತೆಗೆಸುವ ಮಾತಾಡುತ್ತಿದ್ದರು. ಕಾರಂತರ ಚೋಮನಿಗೆ ದೇವಸ್ಥಾನ ಬೇಕಿಲ್ಲ. ಅವನಿಗೆ ಬೇಕಾದ್ದು ಉಳಲು ಒಂದು ತುಂಡು ಗದ್ದೆ. ಅವನ ಹತ್ತಿರ ಜೋಡಿ ಎತ್ತಿದೆ, ತೋಳಿನಲ್ಲಿ ಬಲ ಇದೆ, ಬೇಸಾಯದ ಹುಚ್ಚಿದೆ. ಇಲ್ಲದ್ದು ನೆಲ ಮಾತ್ರ. ಧಣಿ ಸಂಕಪ್ಪಯ್ಯನ ಮನಸ್ಸು ಅರ್ಧ ಕರಗಿದರೂ ಅವನ ತಾಯಿ ಒಪ್ಪುವುದಿಲ್ಲ. ಹೊಲೆಯ ಬೇಸಾಯಗಾರನಾದರೆ ನಾಳೆ ನಮ್ಮ ಗದ್ದೆಗೆ ಇಳಿಯುವವರು ಯಾರು ಎಂಬುದು ಆ ಮನೆಯ ಧರ್ಮದ ಒಳಗಿರುವ ಲೆಕ್ಕ. ಜಾತಿ ಎಂಬುದು ಬರೀ ಮೈಲಿಗೆಯ ಮಾತಲ್ಲ, ಅದು ಕೂಲಿಯ ಮಾತೂ ಹೌದು ಎಂಬುದನ್ನು ಮೇಲ್ಜಾತಿಯ ಒಬ್ಬ ಲೇಖಕ ೧೯೩೩ರಲ್ಲೇ ಕಂಡದ್ದು ಸಣ್ಣ ಸಂಗತಿಯಲ್ಲ. ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು. ಕಾರಂತರನ್ನು ಬೈದುಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುವ ಗೆಳೆಯರು ಆ ಕಾದಂಬರಿಯನ್ನು ಇನ್ನೊಮ್ಮೆ ಓದಲಿ.

ಆದರೆ ತಕರಾರು ಇದೆ. ಚೋಮನ ಸುತ್ತ ಕೇರಿಯೇ ಇಲ್ಲವೆಂಬಷ್ಟು ಅವನು ಒಂಟಿ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಇಬ್ಬರು ಮಕ್ಕಳಲ್ಲಿ ಚನಿಯ ಜ್ವರಕ್ಕೆ ಬಲಿಯಾಗುತ್ತಾನೆ, ಗುರುವ ಕಿಲಸ್ತಾನರ ಹುಡುಗಿಯ ಹಿಂದೆ ಹೋಗುತ್ತಾನೆ. ನೀಲ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರು ಹೊಲೆಯರ ಹುಡುಗ ಅಂತ ಕೈ ಚಾಚುವುದಿಲ್ಲ. ಒಂದಾದ ಮೇಲೊಂದು ಏಟು ಬಿದ್ದರೂ ಪಕ್ಕದ ಗುಡಿಸಲಿನಿಂದ ಒಬ್ಬ ಎದ್ದು ಬಂದು, ಏನಪ್ಪ ಚೋಮ, ನಾವಿಲ್ಲವಾ ಅನ್ನುವುದಿಲ್ಲ. ಕೊನೆಗೆ ಚೋಮ ಎತ್ತುಗಳನ್ನು ಬಿಟ್ಟುಹೊಡೆದು, ಕದ ಹಾಕಿಕೊಂಡು, ದುಡಿ ಬಡಿಯುತ್ತ ಸಾಯುತ್ತಾನೆ. ದುಡಿ ಹತ್ತು ಜನ ಸೇರಿ ಕುಣಿಯಲಿಕ್ಕೆ ಇರುವ ವಾದ್ಯ. ಅದನ್ನು ಮುಚ್ಚಿದ ಬಾಗಿಲ ಹಿಂದೆ ಒಬ್ಬನೇ ಬಡಿದು ಸಾಯುವಂತೆ ಮಾಡಿದ್ದು ದುರಂತದ ಕಲೆಗೆ ಸರಿ. ಓದುವವನು ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚಿಡಬಹುದು. ಅವನ ಗದ್ದೆಗೆ ಏನೂ ಆಗುವುದಿಲ್ಲ.

ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದ್ದು ೧೯೭೫ರಲ್ಲಿ. ಸ್ವರ್ಣಕಮಲ ಬಂತು. ಚೋಮನಾಗಿ ಎಂ.ವಿ. ವಾಸುದೇವರಾವ್ ಅವರಿಗೆ ದೇಶದ ಅತ್ಯುತ್ತಮ ನಟ ಎಂಬ ಪ್ರಶಸ್ತಿ ಬಂತು. ಆ ಮುಖದ ಗೆರೆಗಳನ್ನು, ಆ ಬೆನ್ನಿನ ಬಾಗುವಿಕೆಯನ್ನು ಯಾರೂ ಮರೆಯುವ ಹಾಗಿಲ್ಲ. ಆದರೆ ಆ ವರ್ಷಗಳನ್ನು ನೆನಪಿಗೆ ತಂದುಕೊಳ್ಳಿ. ೧೯೭೪ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಿತ್ತು. ಉಳುವವನೇ ನೆಲದೊಡೆಯ ಎಂಬ ಕೂಗು ಎಲ್ಲೆಲ್ಲೂ. ೧೯೭೫ರ ಅಕ್ಟೋಬರಿನಲ್ಲಿ ಜೀತ ರದ್ದಿಯ ಸುಗ್ರೀವಾಜ್ಞೆ, ಮರುವರ್ಷ ಕಾಯಿದೆ. ಹಾಗಾದರೆ ಚೋಮನಿಗೆ ಗದ್ದೆ ಸಿಕ್ಕಿತೆ? ಕಾಯಿದೆ ಹುಡುಕಿದ್ದು ಗೇಣಿದಾರನನ್ನು. ಚೋಮ ಗೇಣಿದಾರನೂ ಅಲ್ಲ, ಬರೀ ಆಳು. ಗೇಣಿಗೆ ಕೊಡಿ ಅಂತ ಅಂಗಲಾಚಿದ್ದೇ ಅವನ ಕಥೆ. ಡಿಕ್ಲರೇಷನ್ ಅರ್ಜಿ ಬರೆಯಲು ಅವನ ಹತ್ತಿರ ಸರ್ವೆ ನಂಬರೇ ಇಲ್ಲ. ಗೇಣಿ ಮಾಡುತ್ತಿದ್ದ ಜಾತಿಗಳ ಎಷ್ಟೋ ಮನೆಗಳು ಒಡೆಯರಾದವು, ಅದು ಒಳ್ಳೆಯದೇ ಆಯಿತು. ನೆಲದ ಮೇಲೆ ಹೆಸರೇ ಇಲ್ಲದ ಚೋಮಂದಿರು ಮಾತ್ರ ಧಣಿ ಬದಲಾದರೂ ಆಳುಗಳಾಗಿಯೇ ಉಳಿದರು. ಸಿನಿಮಾ ನೋಡಿದ ಜನ ಇದು ಹಿಂದಿನ ಕಾಲದ ಕಥೆ ಅಂತ ನಿಟ್ಟುಸಿರು ಬಿಡುವಾಗ, ಥಿಯೇಟರಿನ ಹೊರಗೆ ಅದೇ ಕಥೆ ಬೇರೆ ಕಾಗದದ ಮೇಲೆ ನಡೆದಿತ್ತು. ಇದನ್ನು ಸಿನಿಮಾ ಹೇಳಲಿಲ್ಲ. ಅದರ ವಿಮರ್ಶಕರೂ ಹೇಳಲಿಲ್ಲವಾದರೆ ಅದು ದೊಡ್ಡ ತಪ್ಪು.

ಇನ್ನು ಅನಂತಮೂರ್ತಿಯವರ 'ಸಂಸ್ಕಾರ', ೧೯೬೫. ೧೯೭೦ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಮಾಡಿದ ಸಿನಿಮಾ ಮೊದಲು ಸೆನ್ಸಾರಿನವರ ಕೈಯಲ್ಲಿ ಸಿಕ್ಕಿ, ಆಮೇಲೆ ಬಿಡುಗಡೆಯಾಗಿ, ದೇಶದ ಅತ್ಯುತ್ತಮ ಚಿತ್ರವೆನಿಸಿತು. ನಾರಣಪ್ಪನ ಹೆಣ ಸುಡುವವರು ಯಾರು ಅಂತ ಅಗ್ರಹಾರವೆಲ್ಲ ಉಪವಾಸ ಕೂತು ಶಾಸ್ತ್ರ ಹುಡುಕುತ್ತದೆ. ಅದೇ ಹೊತ್ತಿಗೆ ಹೊಲೆಗೇರಿಯಲ್ಲೂ ಪ್ಲೇಗಿಗೆ ಜನ ಸಾಯುತ್ತಿದ್ದಾರೆ. ಅಲ್ಲಿ ಹೆಣದ ಜೊತೆಗೆ ಗುಡಿಸಲಿಗೇ ಬೆಂಕಿ ಇಡುತ್ತಾರೆ. ಶಾಸ್ತ್ರ ಇಲ್ಲ, ಪ್ರಶ್ನೆ ಇಲ್ಲ. ಅನಂತಮೂರ್ತಿಯವರಿಗೆ ಇದು ಗೊತ್ತಿಲ್ಲದೆ ಬಂದದ್ದಲ್ಲ. ಬೇಕೆಂದೇ ಎರಡನ್ನೂ ಎದುರುಬದುರು ಇಟ್ಟಿದ್ದಾರೆ. ಆದರೂ ಒಂದು ಹೆಣಕ್ಕೆ ಇಡೀ ಪುಸ್ತಕ, ಮಿಕ್ಕ ಹೆಣಗಳಿಗೆ ಅಲ್ಲೊಂದು ಇಲ್ಲೊಂದು ಸಾಲು. ಪ್ರಾಣೇಶಾಚಾರ್ಯರ ಸಂಕಟದ ಮೇಲೆ ನಮ್ಮ ವಿಶ್ವವಿದ್ಯಾಲಯಗಳು ಎಷ್ಟು ಶಾಯಿ ಖರ್ಚು ಮಾಡಿವೆ! ಆ ಗುಡಿಸಲುಗಳ ಬೂದಿಯ ಮೇಲೆ ಯಾರು ಬರೆದರು?

ಇದೇ ಲೇಖಕರ 'ಭಾರತೀಪುರ' (೧೯೭೩) ಒಂದು ಹೆಜ್ಜೆ ಮುಂದಿಟ್ಟಿತು. ಜಗನ್ನಾಥ ತನ್ನ ಮನೆಯ ಸಾಲಿಗ್ರಾಮವನ್ನು ಹೊಲೆಯರ ಮುಂದೆ ಹಿಡಿದು ಮುಟ್ಟಿ ಅನ್ನುತ್ತಾನೆ. ಅವರು ನಡುಗುತ್ತಾರೆ. ಕೊನೆಗೆ ಅವನು ಸಿಟ್ಟಿಗೆದ್ದು ಗದರಿಸಿ ಮುಟ್ಟಿಸುತ್ತಾನೆ. ಬಿಡುಗಡೆ ಮಾಡಲು ಬಂದವನ ಗಂಟಲಲ್ಲಿ ಧಣಿಯ ದನಿಯೇ ಹೊರಡುವುದನ್ನು ಮುಚ್ಚಿಡದೆ ಬರೆದದ್ದು ಆ ಕಾದಂಬರಿಯ ಪ್ರಾಮಾಣಿಕತೆ. ಆದರೆ ನಲವತ್ತು ವರ್ಷದ ಹಿಂದೆ ಚೋಮ ಕೇಳಿದ್ದು ನೆಲ. ಜಗನ್ನಾಥ ಕೊಡಲು ಹೊರಟದ್ದು ದೇವರು. ಕೇಳಿದ್ದನ್ನು ಬಿಟ್ಟು ಬೇರೆ ಏನನ್ನೋ ಕೊಡುವುದು ಉಳ್ಳವರ ಹಳೆಯ ಚಾಳಿ. ಕುವೆಂಪು ಅವರ 'ಜಲಗಾರ' ನಾಟಕದಲ್ಲೂ ಶಿವನೇ ಜಗದ ಜಲಗಾರನಾಗಿ ಬಂದು ನಿಲ್ಲುತ್ತಾನೆ. ಪುರೋಹಿತಶಾಹಿಯ ಕೆನ್ನೆಗೆ ಅದು ಸರಿಯಾದ ಏಟೇ. ಆದರೆ ಶಿವ ಪೊರಕೆ ಹಿಡಿದದ್ದರಿಂದ ಜಲಗಾರನ ಕೈಯ ಪೊರಕೆ ಕೆಳಗೆ ಬೀಳಲಿಲ್ಲ, ಗೆಳೆಯರೇ.

ಹಾಗಾದರೆ ಕೇರಿಯೊಳಗಿಂದಲೇ ಬಂದ ಬರವಣಿಗೆ ಏನು ಮಾಡಿತು? ದೇವನೂರ ಮಹಾದೇವರ 'ಒಡಲಾಳ' ತೆಗೆದುಕೊಳ್ಳಿ. ಸಾಕವ್ವನ ಹುಂಜ ಕಳೆದುಹೋಗಿದೆ. ಮುದುಕಿ ಊರೆಲ್ಲ ಹುಡುಕುತ್ತಾಳೆ, ಬೈಯುತ್ತಾಳೆ. ರಾತ್ರಿ ಮನೆಮಂದಿಯೆಲ್ಲ ಬೆಂಕಿ ಸುತ್ತ ಕೂತು ಸಾಹುಕಾರ ಎತ್ತಪ್ಪನ ಕಳ್ಳೆಕಾಯಿ ಸುಲಿದು ತಿನ್ನುತ್ತಾರೆ. ಕದ್ದದ್ದು ಅಂತ ಕಾನೂನು ಅನ್ನುತ್ತದೆ. ಬೆಳೆದದ್ದು ಯಾರು ಅಂತ ಕಥೆ ಕೇಳುತ್ತದೆ. ಪೊಲೀಸರು ಬಂದು ಹಟ್ಟಿ ಜಾಲಾಡುವಾಗ ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲು ನಿಂತಿದೆ. ಇಲ್ಲೂ ಹಸಿವಿದೆ, ಚೋಮನ ಮನೆಯಷ್ಟೇ ಇದೆ. ಆದರೆ ಇಲ್ಲಿ ಯಾರೂ ಒಂಟಿಯಲ್ಲ. ಜಗಳ, ನಗೆ, ಕಥೆ, ಕಳ್ಳತನ, ಚಿತ್ರ ಎಲ್ಲ ಒಂದೇ ಸೂರಿನಡಿ. ಕನಿಕರ ಪಡಲು ಬಂದವನಿಗೆ ಇಲ್ಲಿ ಕೂರಲು ಜಾಗ ಸಿಗುವುದಿಲ್ಲ. ಈ ಮನೆಯವರಿಗೆ ಅವನ ಕನಿಕರ ಬೇಕಾಗಿಯೇ ಇಲ್ಲ.

ಸಿ.ಜಿ. ಕೃಷ್ಣಸ್ವಾಮಿಯವರು ಇದನ್ನು ರಂಗಕ್ಕೆ ತಂದರು. ಉಮಾಶ್ರೀಯವರು ಸಾಕವ್ವನಾದರು. ಸಿನಿಮಾದವರು ಬರೀ ಹಾಸ್ಯದ ಪಾತ್ರಗಳಿಗೆ ಕಟ್ಟಿಹಾಕಿದ್ದ ನಟಿಯೊಳಗೆ ಎಂಥ ತಾಯಿ ಇದ್ದಳು ಎಂಬುದು ಆ ನಾಟಕ ನೋಡಿದವರಿಗೆ ತಿಳಿಯಿತು. ಓದು ಬಾರದವರೂ ನಾಟಕ ನೋಡಬಹುದು. ಪುಸ್ತಕ ಮುಟ್ಟದ ಕಡೆ ರಂಗ ಮುಟ್ಟುತ್ತದೆ. ಆದರೆ ಒಂದು ಎಚ್ಚರಿಕೆ ಬೇಕು. ಪಟ್ಟಣದ ಸಭಾಂಗಣದಲ್ಲಿ ಸಾಕವ್ವನ ಬೈಗುಳಕ್ಕೆ ನಗು ಏಳುತ್ತದಲ್ಲ, ಆ ನಗು ಅವಳ ಜೊತೆ ಸೇರಿ ನಕ್ಕದ್ದೋ, ಅವಳ ಮಾತಿನ ರೀತಿಗೆ ನಕ್ಕದ್ದೋ? ನಮ್ಮ ಭಾಷೆ ಅವರಿಗೆ ಉಪ್ಪಿನಕಾಯಿ ಆಗಬಾರದು. 'ಕುಸುಮಬಾಲೆ' (೧೯೮೪) ಬಂದಾಗ ಅರ್ಥವೇ ಆಗುವುದಿಲ್ಲ ಅಂದವರಿದ್ದರು. ಚನ್ನನನ್ನು ಕೊಂದ ಊರಿನ ಕಥೆಯನ್ನು ರಾತ್ರಿ ಕೂಡುವ ಜೋತಮ್ಮಗಳು ಮಾತಾಡಿಕೊಳ್ಳುವ ಆ ಕನ್ನಡ, ನಂಜನಗೂಡು ಸೀಮೆಯ ಯಾವ ಅಜ್ಜಿಗೂ ಅರ್ಥವಾಗುತ್ತದೆ. ಹಳಗನ್ನಡಕ್ಕೆ ನಿಘಂಟು ತೆಗೆಯುವವರು ಇದಕ್ಕೂ ಸ್ವಲ್ಪ ಬೆವರು ಸುರಿಸಲಿ. ೧೯೯೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೆ ಆ ಗೊಣಗಾಟ ತಗ್ಗಿತು.

ಇನ್ನು ಆತ್ಮಕಥೆ. ೧೯೯೦ರ ದಶಕದಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ಬಂದವು. 'ಊರುಕೇರಿ'ಯ ಮೊದಲಲ್ಲೇ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಹೊಲದಲ್ಲಿ ಒಂದು ನೋಟ ಇದೆ. ನೊಗಕ್ಕೆ ಎತ್ತು ಕಟ್ಟಿಲ್ಲ. ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ. ಒಬ್ಬ ಬರೆಯುವವನ ಅಪ್ಪ. ಕಾರಂತರ ಚೋಮನಿಗೆ ಎತ್ತಿತ್ತು, ನೆಲ ಇರಲಿಲ್ಲ. ಇಲ್ಲಿ ನೆಲವೂ ಇನ್ನೊಬ್ಬನದು, ಎತ್ತಿನ ಜಾಗದಲ್ಲಿ ನಿಂತವನೂ ಮನುಷ್ಯ. ಕಾದಂಬರಿಕಾರ ಕಲ್ಪಿಸಿದ್ದಕ್ಕಿಂತ ನಿಜ ಕೆಳಗಿತ್ತು. ಆದರೆ ಸಿದ್ಧಲಿಂಗಯ್ಯ ಅಳುವುದಿಲ್ಲ. ಪುಸ್ತಕದ ತುಂಬ ನಗಿಸುತ್ತಾರೆ. ೧೯೭೫ರಲ್ಲಿ 'ಹೊಲೆಮಾದಿಗರ ಹಾಡು' ಬರೆದು ಬೆಂಕಿ ಎಬ್ಬಿಸಿದ ಕವಿ ಹೀಗೆ ನಗಿಸುತ್ತ ಕೂತದ್ದು ಕೆಲವು ಗೆಳೆಯರಿಗೆ ಹಿಡಿಸದಿರಬಹುದು. ನಮಗೆ ತೋರುವುದು ಇಷ್ಟು: ಕೇರಿಯವನು ಕೊನೆಗೆ ಸಾಯಲೇಬೇಕು ಅಂತ ಕಾದಂಬರಿ ಹಾಕಿದ ಶರತ್ತನ್ನು ಈ ನಗು ಮುರಿಯಿತು. ನೊಗ ಹೊತ್ತವನ ಮಗ ಬದುಕಿದ, ಓದಿದ, ಬರೆದ, ನಕ್ಕ. ೨೦೨೧ರಲ್ಲಿ ಕೊರೋನಾ ಅವರನ್ನು ಒಯ್ದಿತು. ಆ ನಗುವನ್ನು ಒಯ್ಯಲಿಲ್ಲ.

ಮಾಲಗತ್ತಿಯವರದು ಬೇರೆ ಧಾಟಿ. ಬಿಜಾಪುರದ ಸೀಮೆ, ಸುಡುವ ಮಾತು. ಎಮ್ಮೆ ಕೋಣ ಸೇರುವ ವಿಷಯದಲ್ಲೂ ಜಾತಿಯ ರಂಪವಾಗುವ ಪ್ರಸಂಗ ಅದರಲ್ಲಿದೆ. ಮನುಷ್ಯರ ಜಾತಿ ದನದ ಹಟ್ಟಿಯೊಳಕ್ಕೂ ನುಗ್ಗಿದ ಮೇಲೆ ಯಾವ ಸಮಾಜಶಾಸ್ತ್ರದ ಪುಸ್ತಕ ಬೇಕು? ಸರ್ಕಾರಿ ನೌಕರಿ ಸಿಕ್ಕ ದಲಿತನನ್ನು ಊರು ಕೊಂಕಿನಿಂದ ಏನಂತ ಕರೆಯುತ್ತದೋ ಅದನ್ನೇ ಪುಸ್ತಕದ ಹೆಸರು ಮಾಡಿ ಅವರು ಊರಿಗೇ ಹಿಂತಿರುಗಿಸಿದ್ದಾರೆ.

ಪೆನ್ನು, ಕಾಗದ ಹೇಗೋ ಹೊಂದಿಸಬಹುದು. ಕ್ಯಾಮೆರಾಕ್ಕೆ ದುಡ್ಡು ಬೇಕು, ಥಿಯೇಟರ್ ಬೇಕು, ಹಂಚುವವರು ಬೇಕು. ಅದಕ್ಕೇ ಕನ್ನಡದಲ್ಲಿ ಕೇರಿಯ ಕಥೆ ಪುಸ್ತಕದಲ್ಲಿ ಕೈ ಬದಲಾದಷ್ಟು ಪರದೆಯ ಮೇಲೆ ಬದಲಾಗಿಲ್ಲ. ಪಕ್ಕದ ಮರಾಠಿಯಲ್ಲಿ ನಾಗರಾಜ ಮಂಜುಳೆ ೨೦೧೩ರಲ್ಲಿ 'ಫಂಡ್ರಿ' ತೆಗೆದರು. ಫಂಡ್ರಿ ಅಂದ್ರೆ ಹಂದಿ. ಹಂದಿ ಹಿಡಿಯುವ ಮನೆಯ ಹುಡುಗ ಜಬ್ಯಾ. ಹಂದಿ ಕೈಗೆ ಸಿಗುವ ಹೊತ್ತಿಗೆ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗಿ ಎಲ್ಲರೂ ನೆಟ್ಟಗೆ ನಿಲ್ಲಬೇಕಾಗುತ್ತದೆ. ಹೊತ್ತೊಯ್ಯುವ ದಾರಿಯ ಗೋಡೆಯ ಮೇಲೆ ಅಂಬೇಡ್ಕರ್, ಫುಲೆಯರ ಚಿತ್ರ. ಕೊನೆಗೆ ಜಬ್ಯಾ ಬೀಸಿದ ಕಲ್ಲು ನೇರ ನೋಡುವವರ ಮುಖಕ್ಕೇ ಬರುತ್ತದೆ. ಚೋಮನ ದುಡಿ ಒಳಗೇ ಸತ್ತಿತು, ಜಬ್ಯಾನ ಕಲ್ಲು ಹೊರಗೆ ಬಂತು. ಎರಡು ಸಿನಿಮಾಗಳ ನಡುವಿನ ದೂರ ಮೂವತ್ತೆಂಟು ವರ್ಷವಷ್ಟೇ ಅಲ್ಲ, ಕ್ಯಾಮೆರಾದ ಹಿಂದೆ ನಿಂತವನು ಎಲ್ಲಿಂದ ಬಂದವನು ಎಂಬುದೂ ಹೌದು.

ಮೊರದಲ್ಲಿ ಕೇರಿದ ಮೇಲೂ ಒಂದು ಕಾಳು ಸಿಗದೆ ಉಳಿಯಿತು. 'ಚೋಮನ ದುಡಿ'ಯಲ್ಲಿ ಬೆಳ್ಳಿ ಇದ್ದಾಳೆ, ಚೋಮನ ಮಗಳು. ಅಪ್ಪನ ಸಾಲಕ್ಕೆ ತೋಟದಲ್ಲಿ ಮೈ ತೆತ್ತವಳು, ಅದೇ ಅಪ್ಪನ ಸಿಟ್ಟಿಗೂ ಸಿಕ್ಕವಳು. 'ಸಂಸ್ಕಾರ'ದಲ್ಲೂ ಬೆಳ್ಳಿ ಇದ್ದಾಳೆ, ಶ್ರೀಪತಿಯ ಕಣ್ಣಿಗೆ ಬಿದ್ದ ಹೊಲೆಗೇರಿಯ ಹುಡುಗಿ. ಅಪ್ಪ ಅವ್ವ ಸತ್ತು ಗುಡಿಸಲು ಉರಿದು ಹೋದದ್ದು ಅವಳದೇ. ಎರಡು ದೊಡ್ಡ ಕಾದಂಬರಿ, ಎರಡರಲ್ಲೂ ಒಂದೇ ಹೆಸರು, ಎರಡು ಕಡೆಯೂ ಮೈ ಮಾತ್ರ. ಗಂಡಸರ ಆತ್ಮಕಥೆಗಳು ಬಂದವು, ಕೇರಿಯ ಗಂಡಸು ಮಾತಾಡಿದ. ಅವನ ಅವ್ವ, ಅವನ ಅಕ್ಕ ಅವನ ಪುಸ್ತಕದಲ್ಲಿ ಪಾತ್ರಗಳಾಗಿ ಉಳಿದರು. 'ಸಣ್ತಿಮ್ಮಿ ರಾಮಾಯಣ' ಹಿಡಿದು ದು. ಸರಸ್ವತಿಯವರಂಥವರು ಒಬ್ಬರೇ ರಂಗದ ಮೇಲೆ ನಿಂತು ಆ ಬಾಯಿ ತೆರೆದಿದ್ದಾರೆ. ಅದು ಸಾಲದು. ಬಂಡಾಯದ ಹೆಸರು ಹೇಳಿಕೊಳ್ಳುವ ಪತ್ರಿಕೆಗಳು, ಪ್ರಕಾಶಕರು, ಸಂಘಟನೆಯ ಗೆಳೆಯರು ಈ ಕೆಲಸ ತಮ್ಮದು ಅಂತ ಎತ್ತಿಕೊಳ್ಳಬೇಕು. ಬರೆಯಲು ಬಾರದ ಅವ್ವಂದಿರ ಹತ್ತಿರ ಹೋಗಿ ಕೂತು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ಬೆಳ್ಳಿ ತನ್ನ ಕಥೆ ತಾನೇ ಹೇಳಿದ ದಿನ ಚೋಮನ ಕಥೆಯೂ, ಸಂಕಪ್ಪಯ್ಯನ ಕಥೆಯೂ, ಕೇರಿಯ ಗಂಡಸರಾದ ನಮ್ಮೆಲ್ಲರ ಕಥೆಯೂ ಬೇರೆಯಾಗಿ ಕೇಳಿಸುತ್ತದೆ. ಆಗ ತೂಗೋಣ, ಬಸವಲಿಂಗಪ್ಪನವರು ಹೇಳಿದ್ದರಲ್ಲಿ ಇನ್ನೂ ಎಷ್ಟು ನಿಜ ಉಳಿದಿದೆ ಅಂತ.